ಚೆನ್ನಾಗಿದೆ ಎನ್ನಬಾರದ ಮನೆ

ಕಳೆದ ತಿಂಗಳು ಚಿಂತಾಮಣಿಯ ಕಾಲೇಜೊಂದಕ್ಕೆ ಮೌಖಿಕ ಪರೀಕ್ಷೆ ನಡೆಸಲು ಹೋಗುತ್ತಿದ್ದೆ. ಬಸ್ಸು ಶಿಡ್ಲಘಟ್ಟದೊಳಕ್ಕೆ ತಿರುಗುತ್ತಿದ್ದ ಹಾಗೆ ಗೂಡು ಬೇಯಿಸುವ ವಾಸನೆ ಕಿಟಕಿಯಿಂದ ನುಗ್ಗಿತು. ಗೊತ್ತಿಲ್ಲದವರಿಗೆ ಅದು ಬರೀ ನಾತ. ಕುದಿಯುವ ನೀರಿನಲ್ಲಿ ರೇಷ್ಮೆಗೂಡು, ಗೂಡಿನೊಳಗೆ ಹುಳ. ನೂಲು ಬಿಚ್ಚುವ ಊರಿನಲ್ಲಿ ಮಲ್ಲಿಗೆಯ ಘಮ ಬರುತ್ತದೆಯೇ? ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು "ಯಪ್ಪಾ!" ಎಂದಳು. ನಾನು ಮೂಗು ಮುಚ್ಚಲಿಲ್ಲ. ಕಣ್ಣು ಮುಚ್ಚಿಕೊಂಡೆ. ಆ ವಾಸನೆಯಲ್ಲಿ ನಾನೊಂದು ವರ್ಷ ಉಂಡು ಮಲಗಿದ್ದೇನೆ. ಅದು ನನ್ನ ಪಿಎಚ್‌.ಡಿ.ಯ ವರ್ಷ. ಆ ವರ್ಷದ ಬಗ್ಗೆ ಯಾರಾದರೂ ಕೇಳಿದರೆ "ಫೀಲ್ಡ್‌ವರ್ಕ್ ಮಾಡಿದೆ" ಎಂದು ಹೇಳಿ ಮಾತು ತಿರುಗಿಸುತ್ತೇನೆ.

ವಿಷಯ ಕೇಳಲು ದೊಡ್ಡದಾಗಿತ್ತು. ಅಪ್ಪ ಅಮ್ಮ ಬೇರೆಯಾದಾಗ, ಇಲ್ಲವೆ ಒಬ್ಬರು ತೀರಿಕೊಂಡಾಗ, ಮಗು ಯಾರ ಹತ್ತಿರ ಇರಬೇಕು ಎಂಬ ವ್ಯಾಜ್ಯ ಬರುತ್ತದಲ್ಲ, ಅಲ್ಲಿ ನ್ಯಾಯಾಲಯ ಮಗುವಿನ ಮಾತನ್ನು ಹೇಗೆ ಕೇಳುತ್ತದೆ ಎಂಬುದು. ಕಾನೂನು ಹೇಳುವುದೇನೋ ಸರಳ. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. ಬುದ್ಧಿ ತಿಳಿದ ಮಗುವಾದರೆ ಅದರ ಇಷ್ಟವನ್ನೂ ಕೇಳಬೇಕು. ಆದರೆ ಕೇಳುವುದು ಹೇಗೆ, ಅದು ಹೇಳಿದ್ದನ್ನು ತಿಳಿಯುವುದು ಹೇಗೆ? ಅದನ್ನು ಕಂಡುಹಿಡಿದು ಲೋಕಕ್ಕೆ ತಿಳಿಸುವವಳು ನಾನು ಎಂದುಕೊಂಡು ಬೆಂಗಳೂರಿನಿಂದ ಒಂದು ಸೂಟ್‌ಕೇಸು, ಒಂದು ಲ್ಯಾಪ್‌ಟಾಪು ಹಿಡಿದುಕೊಂಡು ಬಂದಿದ್ದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಹೀಗೆ ನಾಲ್ಕೂ ಕಡೆಯ ಕೋರ್ಟುಗಳಿಗೆ ಓಡಾಡಬೇಕಿತ್ತು. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಹಳ್ಳಿಯಲ್ಲಿ ಮಹಡಿ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯೊಡತಿ ರತ್ನಮ್ಮ. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಹಿತ್ತಿಲಾಚೆ ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡ ಹಾಗೆ ಹುಳದ ಮನೆ. ವರ್ಷವಿಡೀ ಒಂದು ಬೆಳೆಯಾದ ಮೇಲೆ ಇನ್ನೊಂದು ಬೆಳೆ ಹುಳ ಸಾಕುತ್ತಿದ್ದರು. ಜೊತೆಗೆ ತಂಗಿಯ ಮಗಳು ಪಾವನಿ. ನಾಲ್ಕನೇ ಕ್ಲಾಸು, ಎರಡು ಜಡೆ, ಬಾಯಿ ತೆರೆದರೆ ಮುಚ್ಚುವವಳಲ್ಲ. ತಂಗಿ ಸುಜಾತ ಹೆರಿಗೆಯಾಗಿ ಸ್ವಲ್ಪ ದಿನಕ್ಕೇ ಜ್ವರ ಬಂದು ಹೋಗಿಬಿಟ್ಟಿದ್ದಳು. ಅಂದಿನಿಂದ ಮಗು ರತ್ನಮ್ಮನ ಮಡಿಲಲ್ಲೇ ಬೆಳೆದಿತ್ತು.

ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಹುಳದ ಮನೆಯ ಬಾಗಿಲಲ್ಲಿ ನಿಂತು ಇಣುಕಿದೆ. ಒಳಗೆ ತಟ್ಟೆಗಳ ತುಂಬ ಹುಳ, ಸೊಪ್ಪು ತಿನ್ನುವ ಸದ್ದು ಸಣ್ಣಗೆ ಮಳೆ ಬಂದ ಹಾಗೆ ಕೇಳಿಸುತ್ತಿತ್ತು. ನಾನು ಊರಿಗೆ ಹೊಸಬಳು, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ಅಬ್ಬಾ, ಎಷ್ಟು ಚೆನ್ನಾಗಿವೆ ಹುಳ! ಒಳ್ಳೆ ದಪ್ಪ ದಪ್ಪ."

ರತ್ನಮ್ಮನ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. ಪಾವನಿ ಓಡಿಬಂದು ನನ್ನ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದಳು.

"ಅಯ್ಯೋ ಅಕ್ಕ, ಯಾಕಂಗಂದ್ರಿ? ಹಂಗನ್ಬಾರ್ದು!"

"ಏನಂದೆ ನಾನು?"

"ಚೆನ್ನಾಗಿದಾವೆ ಅಂದ್ರಲ್ಲ. ಬೇಗ ಥೂ ಅನ್ನಿ. ಏನೋ ಇದಾವೆ ಅನ್ನಿ."

"ಥೂ. ಏನೋ ಇದಾವೆ," ಎಂದೆ ನಗುತ್ತಾ. ಅವಳು ನಗಲಿಲ್ಲ.

"ಗೂಡು ಕಟ್ಟಿ, ಮಾರ್ಕೆಟ್‌ಗೆ ಹೋಗಿ, ತೂಕ ಆಗೋ ತನಕ ಚೆನ್ನಾಗಿದೆ ಅನ್ಬಾರ್ದು. ಯಾರಾದ್ರೂ ಬೆಳೆ ಹೆಂಗೆ ಅಂದ್ರೆ, ಏನೋ, ನೋಡ್ಬೇಕು ಅನ್ಬೇಕು. ಅಷ್ಟೇ."

"ಅಂದ್ರೆ ಏನಾಗತ್ತೆ?"

"ಚೆನ್ನಾಗಿರೋದು ಕೇಳಿಸ್ಕೊಂಡ್ಬಿಡತ್ತೆ. ಕೇಳಿಸ್ಕೊಂಡ್ರೆ ಹೊಂಟೋಗತ್ತೆ."

ಆಮೇಲೆ ಗಮನಿಸಿದೆ, ಆ ಬೀದಿಯಲ್ಲಿ ಎಲ್ಲರ ಮಾತೂ ಹೀಗೇ. ತೋಟದಲ್ಲಿ ಸೊಪ್ಪು ಆಳೆತ್ತರ ನಿಂತಿರುತ್ತಿತ್ತು, ಹುಳ ಒಂದೂ ಸತ್ತಿರುತ್ತಿರಲಿಲ್ಲ, ಆದರೂ ಕೇಳಿದವರಿಗೆ "ಏನೋ ಇದೆ" ಎನ್ನುವುದೇ ಉತ್ತರ. ಎದುರು ಮನೆಯ ತೆಲುಗಿನ ಅಜ್ಜಿ "ಏಮೋಮ್ಮಾ, ಚೂಡಾಲ" ಎಂದು ತಮ್ಮ ಭಾಷೆಯಲ್ಲಿ ಅದನ್ನೇ ಹೇಳಿ ಕೈ ತಿರುವುತ್ತಿದ್ದರು. ಬೆಳೆ ನಿಜಕ್ಕೂ ಕೆಟ್ಟಿದ್ದರೆ ಮಾತ್ರ ಜನ ಬಾಯಿ ತುಂಬ ಹೇಳಿಕೊಳ್ಳುತ್ತಿದ್ದರು. ಪಾವನಿಯಂತೂ ಇದನ್ನು ಎಲ್ಲದಕ್ಕೂ ಹಚ್ಚಿಕೊಂಡಿದ್ದಳು. ಪರೀಕ್ಷೆ ಹೇಗಾಯಿತೇ ಎಂದರೆ "ಏನೋ ಬರ್ದೆ", ಹೋಳಿಗೆ ಹೇಗಿದೆಯೇ ಎಂದರೆ "ಏನೋ ಇದೆ". ತಟ್ಟೆ ಮಾತ್ರ ನೆಕ್ಕಿದ ಹಾಗೆ ಖಾಲಿ. ನಾನು ಅವಳನ್ನು "ಏನೋಮ್ಮ" ಎಂದೇ ರೇಗಿಸುತ್ತಿದ್ದೆ.

ಒಂದು ಸಂಜೆ ನನ್ನ ಕೋಣೆಯಲ್ಲಿ ಹೋಮ್‌ವರ್ಕ್ ಬರೆಯುತ್ತಾ ಕೂತವಳು ತಲೆ ಎತ್ತದೆಯೇ ಹೇಳಿದಳು. "ನಮ್ಮಮ್ಮನ್ನ ಎಲ್ರೂ ಎಷ್ಟ್ ಚೆನ್ನಾಗಿದಾಳೆ, ಎಷ್ಟ್ ಚೆನ್ನಾಗಿದಾಳೆ ಅಂತಿದ್ರಂತೆ ಅಕ್ಕ. ಬಾಣಂತೀನ ನೋಡಕ್ಕೆ ಬಂದೋರೆಲ್ಲ."

ನಾನು ಅವಳ ಪೆನ್ಸಿಲು ತೆಗೆದುಕೊಂಡು ಮೊನೆ ಮಾಡಿಕೊಟ್ಟೆ.

ಮುಂಗಾರು ಹಿಡಿದ ಮೇಲೆ ಕೋರ್ಟಿನಿಂದ ಸಮನ್ಸು ಬಂತು. ಯಾವುದನ್ನು ಹುಡುಕಿಕೊಂಡು ನಾನು ದಿನಾ ಬಸ್ಸು ಹತ್ತುತ್ತಿದ್ದೆನೋ ಅದು ನಾನು ಮಲಗುವ ಕೋಣೆಯ ಕೆಳಗೇ ಬಂದು ಕೂತಿತು. ಪಾವನಿಯ ಅಪ್ಪ ಸುರೇಶ ಮಗಳನ್ನು ತನಗೆ ಒಪ್ಪಿಸಬೇಕೆಂದು ಅರ್ಜಿ ಹಾಕಿದ್ದ. ಆತ ಗೌರಿಬಿದನೂರಿನ ಆಚೆ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರು. ಎರಡನೇ ಮದುವೆಯಾಗಿ ಕೈಕೂಸು ಇತ್ತು, ಹೊಸದಾಗಿ ಮನೆ ಕಟ್ಟಿಸಿದ್ದ. ಹಬ್ಬಕ್ಕೆ ಬಟ್ಟೆ ತಂದುಕೊಟ್ಟು ಮಗಳ ತಲೆ ಸವರಿ ಹೋಗುತ್ತಿದ್ದವನು ಈಗ ವಕೀಲರ ಮೂಲಕ ಮಾತಾಡಿದ್ದ.

ಕೋಪದಲ್ಲಿ ನಾನು ಆತನನ್ನು ರಾಕ್ಷಸ ಎಂದುಕೊಂಡಿದ್ದೆ. ಚಿಕ್ಕಬಳ್ಳಾಪುರದ ಕೋರ್ಟಿನ ವರಾಂಡದಲ್ಲಿ ನೋಡಿದರೆ ಸಾಧಾರಣ ಮನುಷ್ಯ, ಕೈಯಲ್ಲಿ ಒದ್ದೆ ಛತ್ರಿ, ಶರಟಿನ ತೋಳಿಗೆ ಗ್ರೀಸಿನ ಕಲೆ. ತಾನಾಗಿಯೇ ಬಂದು ಮಾತಾಡಿಸಿದ. "ಮೇಡಂ, ನೀವು ಓದಿದೋರು, ನೀವೇ ಹೇಳಿ. ಅತ್ತಿಗೆ ಕೆಟ್ಟೋರು ಅಂತ ನಾನೆಲ್ಲೂ ಅಂದಿಲ್ಲ. ಆದ್ರೆ ಅವಳು ನನ್ ಮಗಳು. ಇವತ್ತು ಆ ಹುಳಕ್ಕೆ ಸೊಪ್ಪು ಹಾಕ್ತಾಳೆ, ನಾಳೆ? ನಮ್ಮೂರಲ್ಲಿ ಒಳ್ಳೆ ಇಂಗ್ಲಿಷ್ ಸ್ಕೂಲಿದೆ. ನಮ್ ಮನೆಯೋಳು ಒಪ್ಪಿದಾಳೆ. ಮಗಳನ್ನ ಬೇರೆಯೋರ ಮನೇಲಿ ಬಿಟ್ಟವ್ನೆ ಅಂತ ನೆಂಟರೆಲ್ಲ ಆಡ್ಕೋತಾರೆ. ನಂಗೂ ಮನಸ್ಸಿದೆ ಅಲ್ವ್ರಾ?"

ಇತ್ತು, ಆತನಿಗೂ ಮನಸ್ಸಿತ್ತು. ಅದೇ ಈ ಕತೆಯ ಕಷ್ಟ. ಕೆಟ್ಟವನೊಬ್ಬ ಇದ್ದಿದ್ದರೆ ಬಯ್ದು ಹಗುರಾಗಬಹುದಿತ್ತು.

ರತ್ನಮ್ಮನ ಕಡೆಯ ವಕೀಲರು ನಂಜುಂಡಪ್ಪನವರು, ಚಿಂತಾಮಣಿಯವರು, ತಲೆ ನರೆತ ಹಿರಿಯರು. ಅವರು ಮೊದಲೇ ಹೇಳಿಬಿಟ್ಟರು. "ನೋಡಿ ತಾಯಿ, ಕಾನೂನು ಪ್ರಕಾರ ಅಪ್ಪಾನೇ ಪಾಲಕ. ನಮ್ಗೆ ಉಳಿದಿರೋದು ಒಂದೇ ದಾರಿ. ಮಗು ಜಡ್ಜ್ ಎದ್ರು ಏನ್ ಹೇಳತ್ತೋ ಅದು. ನಮ್ ದೊಡ್ಡಮ್ಮ ಚೆನ್ನಾಗ್ ನೋಡ್ಕೋತಾರೆ, ನಾನಲ್ಲೇ ಇರ್ತೀನಿ ಅಂತ ಅಂದ್ಬಿಟ್ರೆ ಅರ್ಧ ಗೆದ್ದಂಗೆ."

"ಹೇಳತ್ತೆ ಬಿಡಿ ಸಾರ್, ಇನ್ನೇನ್ ಹೇಳತ್ತೆ," ಎಂದೆ ನಾನು. ರಾತ್ರಿ ದೊಡ್ಡಮ್ಮನ ಸೆರಗು ಕೈಗೆ ಸುತ್ತಿಕೊಳ್ಳದೆ ನಿದ್ದೆ ಬಾರದ ಮಗು ಅದು.

ಏನು ಹೇಳಬೇಕೆಂದು ಮಗುವಿಗೆ ಕಲಿಸಿಕೊಡಬೇಡಿ ಎಂದು ಅವರೂ ಎಚ್ಚರಿಸಿದರು, ನಾನೂ ಹೇಳಿದೆ. ಬಾಯಿಪಾಠ ಮಾಡಿಸಿದ ಮಗುವನ್ನು ನ್ಯಾಯಾಧೀಶರು ಎರಡೇ ಮಾತಿಗೆ ಗುರುತಿಸುತ್ತಾರೆ, ಆಮೇಲೆ ಆ ಮಗು ಹೇಳಿದ್ದಕ್ಕೆ ಬೆಲೆಯೇ ಇರುವುದಿಲ್ಲ. ಇದು ಸರಿಯಾದ ಮಾತು, ಇವತ್ತೂ ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತೇನೆ. ರತ್ನಮ್ಮ ಅದನ್ನು ವ್ರತದ ಹಾಗೆ ಪಾಲಿಸಿದರು. ಹೊರಡುವಾಗ ಮಗಳ ಜಡೆಗೆ ರಿಬ್ಬನ್ ಬಿಗಿದು, "ಕೇಳಿದ್ದಕ್ಕೆ ಉತ್ರ ಹೇಳು ಕಣಮ್ಮ, ಹೆದರ್ಕೋಬೇಡ," ಎಂದರು, ಅಷ್ಟೇ.

ಅವತ್ತು ಜಿಟಿಜಿಟಿ ಮಳೆ. ಹುಳ ಕೊನೆಯ ಹಂತದಲ್ಲಿತ್ತು, ಇನ್ನೇನು ಮೈ ಹೊಳಪೇರಿ ಹಣ್ಣಾಗಿ ಗೂಡು ಕಟ್ಟಬೇಕು. ಆ ಹಂತದಲ್ಲಿ ಒಂದು ಹೊತ್ತು ಸೊಪ್ಪು ತಪ್ಪಿದರೂ ಕಷ್ಟ. ಎದುರು ಮನೆ ಅಜ್ಜಿಗೆ ಒಪ್ಪಿಸಿ ಬಂದಿದ್ದರು. ಬಸ್ಸಿನಲ್ಲಿ ಉದ್ದಕ್ಕೂ ಪಾವನಿ ಕಿಟಕಿಗೆ ಮೂಗು ಒತ್ತಿಕೊಂಡು, ನಂದಿ ಬೆಟ್ಟ ಮೋಡದಲ್ಲಿ ಮುಳುಗಿಹೋಗಿದೆ ಎಂದು ಎಲ್ಲರಿಗೂ ತೋರಿಸುತ್ತಿದ್ದಳು.

ನ್ಯಾಯಾಧೀಶರು ಒಳ್ಳೆಯವರು. ಕಪ್ಪು ಕೋಟು ತೆಗೆದಿಟ್ಟು, ಮಗುವನ್ನು ತಮ್ಮ ಚೇಂಬರಿಗೆ ಒಬ್ಬಳನ್ನೇ ಕರೆಸಿಕೊಂಡು, ಚಾಕೊಲೇಟು ಕೊಟ್ಟು ಮಾತಾಡಿಸಿದರಂತೆ. ಸಾಕಷ್ಟು ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಪಾವನಿ ಕುಣಿಯುತ್ತಾ ಬಂದಳು. ವರಾಂಡದ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ತೂರಿ ಕೂತು, ದೊಡ್ಡಮ್ಮನ ಕಿವಿ ಹತ್ತಿರ ಬಾಯಿ ತಂದಳು. ಗೆದ್ದು ಬಂದವಳ ಮುಖ.

"ದೊಡ್ಡಮ್ಮ, ಒಂದ್ಸಲಾನೂ ಚೆನ್ನಾಗಿದೆ ಅನ್ಲಿಲ್ಲ ನಾನು! ಜಡ್ಜ್ ಸಾರ್ ಎಷ್ಟ್ ಕೇಳಿದ್ರೂ ಅನ್ಲಿಲ್ಲ."

"ಏನ್ ಕೇಳಿದ್ರೇ?" ಎಂದೆ ನಾನು. ನನಗೆ ಇನ್ನೂ ಹೊಳೆದಿರಲಿಲ್ಲ.

"ದೊಡ್ಡಮ್ಮ ಹೆಂಗ್ ನೋಡ್ಕೋತಾರೆ ಅಂದ್ರು. ಏನೋ ನೋಡ್ಕೋತಾರೆ ಅಂದೆ. ಊಟ ಎಲ್ಲ ಚೆನ್ನಾಗಿರತ್ತಾ ಅಂದ್ರು. ಏನೋ ಇರತ್ತೆ ಅಂದೆ. ಅಲ್ಲೇ ಇರಕ್ಕೆ ಇಷ್ಟಾನಾ ಅಂದ್ರು." ಅವಳು ಉಸಿರು ತೆಗೆದುಕೊಂಡಳು. "ನೋಡ್ಬೇಕು ಅಂದೆ."

ರತ್ನಮ್ಮನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ಮಗುವನ್ನು ತಬ್ಬಿಕೊಂಡು, "ಜಾಣೆ ನನ್ ತಾಯಿ" ಎಂದರು. ಇನ್ನೇನು ಹೇಳಬೇಕಿತ್ತು? ಅವರೇ ಕಲಿಸಿದ ಮಾತು. ಈ ಮಗುವಿಗೆ ಕಳೆದುಕೊಳ್ಳಬಾರದ್ದು ಅಂತ ಇದ್ದದ್ದು ದೊಡ್ಡಮ್ಮ ಒಬ್ಬರೇ. ಅದನ್ನು ಗಟ್ಟಿಯಾಗಿ ಹೊಗಳಿ ಕಳೆದುಕೊಳ್ಳಲು ಅವಳೇನು ದಡ್ಡಿಯೇ?

ನಾನು ಅಲ್ಲೇ ಪಾವನಿಯನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿಬಿಡೋಣ ಎಂದು ಎದ್ದೆ. ರತ್ನಮ್ಮ ನನ್ನ ಮುಂಗೈ ಹಿಡಿದರು. ಮಗು ನೀರು ಕುಡಿಯಲು ಆಚೆ ಹೋದಾಗ ಹೇಳಿದರು. "ಬೇಡ ಕಣಮ್ಮ. ಅವಳಿಗ್ ಹೇಳ್ಬೇಡ. ತನ್ ಬಾಯಿಂದಾನೇ ಹಿಂಗಾಯ್ತು ಅಂತ ಗೊತ್ತಾದ್ರೆ ಸಾಯೋ ತನಕ ಕೊರಗತ್ತೆ. ಅವರಮ್ಮಂದೇ ಸಾಕು ಅದ್ಕೆ."

ಆ ಮಾತು ಮೀರುವ ಧೈರ್ಯ ನನಗೆ ಬರಲಿಲ್ಲ, ಮೀರಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ನಂಜುಂಡಪ್ಪನವರನ್ನು ಹಿಡಿದು ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. "ಮೇಡಂ, ಇದನ್ನ ನಾನು ಕೋರ್ಟಲ್ಲಿ ಹೆಂಗ್ ಹೇಳ್ಲಿ? ಮಗು ಇಷ್ಟ ಇದೆ ಅಂತಾನೇ ಇಷ್ಟ ಅನ್ಲಿಲ್ಲ ಅಂತ ಹೇಳ್ಲಾ?"

ಆದರೂ ಪುಣ್ಯಾತ್ಮ ಹೇಳಿದರು. ಹುಳ ಸಾಕುವ ಮನೆಗಳ ಮಾತಿನ ರೀತಿ, ದೃಷ್ಟಿಯ ಭಯ, ಮಗು ಬೆಳೆದ ಬಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕೋರ್ಟಿನಲ್ಲಿ ಒಬ್ಬಿಬ್ಬರು ನಕ್ಕರು. ಎದುರು ಕಡೆಯ ವಕೀಲ ಎದ್ದು ನಿಂತು, ಮಗು ಎಂಥ ಮೂಢನಂಬಿಕೆಯ ವಾತಾವರಣದಲ್ಲಿ ಬೆಳೆಯುತ್ತಿದೆ ಎಂಬುದನ್ನು ತಮ್ಮ ಹಿರಿಯ ಮಿತ್ರರೇ ಒಪ್ಪಿಕೊಂಡಿದ್ದಾರೆ, ಅವರಿಗೆ ಧನ್ಯವಾದ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡದೆ ಇದ್ದರೂ ಹೋಗುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

ಮಗು ದೊಡ್ಡಮ್ಮನ ಮನೆಯ ಬಗ್ಗೆ ವಿಶೇಷ ಒಲವು ತೋರಿಸಿಲ್ಲ, ಸದ್ಯಕ್ಕೆ ತಂದೆಯ ವಶದಲ್ಲಿರಲಿ, ತಿಂಗಳಿಗೊಂದು ಭಾನುವಾರ ದೊಡ್ಡಮ್ಮ ಹೋಗಿ ನೋಡಬಹುದು, ಸಂಕ್ರಾಂತಿ ಕಳೆದ ಮೇಲೆ ಮಗುವನ್ನು ಮತ್ತೊಮ್ಮೆ ಮಾತಾಡಿಸಿ ಅಂತಿಮ ಆದೇಶ ಮಾಡಲಾಗುವುದು ಎಂದು ಮಧ್ಯಂತರ ಆದೇಶ ಬಂತು. ಬರೆದವರ ತಪ್ಪು ಎಂದು ನಾನು ಹೇಳಲಾರೆ. ಆ ಮಗುವನ್ನು ನಾನು ನೋಡದೇ ಇದ್ದಿದ್ದರೆ, ಆ ಉತ್ತರಗಳನ್ನು ಕಾಗದದ ಮೇಲೆ ಓದಿದ್ದರೆ, ನಾನೂ ಅದನ್ನೇ ಬರೆಯುತ್ತಿದ್ದೆ. ಅದನ್ನು ನೆನೆದರೆ ಮೈ ಉರಿಯುತ್ತದೆ.

ಬೆಂಗಳೂರಿಗೆ ಫೋನ್ ಮಾಡಿ ನನ್ನ ಗೈಡ್ ಮೇಡಂ ಹತ್ತಿರ ಒದರಾಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಇಂಟರೆಸ್ಟಿಂಗ್. ಆದ್ರೆ ಒಂದು ಮಗು ಹೇಳಿದ್ದು ಡೇಟಾ ಆಗಲ್ಲಮ್ಮ. ಅಡಿಟಿಪ್ಪಣೀಲಿ ಹಾಕ್ಬಹುದೇನೋ ನೋಡು," ಎಂದರು. ನಾನು ಫೋನಿಟ್ಟು ಮಹಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅಡಿಟಿಪ್ಪಣಿಯಂತೆ! ಕೆಳಗೆ ಪಾವನಿ ರಾಗವಾಗಿ ಮಗ್ಗಿ ಹೇಳುತ್ತಿದ್ದಳು.

ಅವಳು ಹೊರಟ ವಾರವೇ ಗೂಡು ಬಿಡಿಸಿದ್ದು. ಅಂಥ ಬೆಳೆ ಆ ಬೀದಿಯಲ್ಲಿ ಆ ವರ್ಷ ಇನ್ನೊಬ್ಬರಿಗೆ ಬರಲಿಲ್ಲ. ಕೈಗೆ ತೆಗೆದುಕೊಂಡರೆ ಗಟ್ಟಿ ಗಟ್ಟಿ ಗೂಡು. ತೂಕ ಆಗಿ ಬಂದ ಮೇಲೂ ರತ್ನಮ್ಮ ಅದನ್ನು ಚೆನ್ನಾಗಿತ್ತು ಎನ್ನಲಿಲ್ಲ, ನಾವೂ ಅನ್ನಲಿಲ್ಲ. ಸುರೇಶ ಕಾರು ಮಾಡಿಕೊಂಡು ಬಂದಿದ್ದ. ಪಾವನಿ ಹೊಸ ಚೀಲ ಬೆನ್ನಿಗೆ ಹಾಕಿಕೊಂಡು, "ಸಂಕ್ರಾಂತಿ ಆದ್ಮೇಲೆ ಬಂದ್ಬಿಡ್ತೀನಿ, ನನ್ ಊಟದ್ ತಟ್ಟೆ ಯಾರಿಗೂ ಕೊಡ್ಬೇಡಿ," ಎಂದು ಹೇಳಿ ಹತ್ತಿದಳು. ಸಂಕ್ರಾಂತಿ ಆದ ಮೇಲೆ ಜಡ್ಜ್ ಮತ್ತೆ ಕೇಳುತ್ತಾರೆ ಎಂದಷ್ಟೇ ಯಾರೋ ಅವಳಿಗೆ ಹೇಳಿದ್ದರು. ಕಾರು ತಿರುವು ದಾಟುವ ತನಕ ರತ್ನಮ್ಮ ಗಟ್ಟಿಯಾಗಿ ನಿಂತಿದ್ದರು. ಆಮೇಲೆ ಹುಳದ ಮನೆಗೆ ಹೋಗಿ ಖಾಲಿ ತಟ್ಟೆಗಳನ್ನು ತೊಳೆಯತೊಡಗಿದರು. ತೊಳೆದದ್ದನ್ನೇ ಮತ್ತೆ ತೊಳೆದರು.

ಮುಂದಿನ ಬೆಳೆಗೆ ಅವರು ಹುಳ ತರಲಿಲ್ಲ. ಹುಳ ಇದ್ದರೆ ಭಾನುವಾರ ಮನೆ ಬಿಟ್ಟು ಹೋಗಲಾಗುವುದಿಲ್ಲ ಎಂದು ಸೊಪ್ಪನ್ನು ಪಕ್ಕದವರಿಗೆ ಕೊಟ್ಟುಬಿಟ್ಟರು. ಬೆಳಗಿನಿಂದ ಸಂಜೆಯ ತನಕ ಮಾಡಲು ಕೆಲಸವಿಲ್ಲದ ಹೆಂಗಸನ್ನು ನಾನು ಆ ಊರಿನಲ್ಲಿ ಅದೇ ಮೊದಲು ನೋಡಿದ್ದು. ಸೊಪ್ಪು ತಿನ್ನುವ ಸದ್ದಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಅಡುಗೆ ಮಾಡಿ ನನ್ನನ್ನು ಕೂಗುತ್ತಿದ್ದರು, ತಾವು ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದರು. "ಅಲ್ಲಿ ಊಟಕ್ಕೇನ್ ಮಾಡ್ತಾರೋ," ಎನ್ನುತ್ತಿದ್ದರು. ನಾನು ಅಧ್ಯಾಯ ಬರೆಯಲು ಕೂತರೆ ಒಂದು ಸಾಲೂ ಸಾಗುತ್ತಿರಲಿಲ್ಲ. ಮಗುವಿನ ಅಭಿಪ್ರಾಯ ಎಂದು ಟೈಪ್ ಮಾಡುತ್ತಿದ್ದೆ, ಅಳಿಸುತ್ತಿದ್ದೆ.

ಕಾರ್ತೀಕದ ಒಂದು ಭಾನುವಾರ ನಾನೂ ಅವರ ಜೊತೆ ಗೌರಿಬಿದನೂರಿಗೆ ಹೋದೆ. ಮನೆ ಅಚ್ಚುಕಟ್ಟಾಗಿತ್ತು. ಸುರೇಶನ ಹೆಂಡತಿ, ಚಿಕ್ಕ ವಯಸ್ಸಿನವಳು, ಕಂಕುಳಲ್ಲಿ ಕೂಸು, ನಮಗೆ ಟೀ ಕೊಟ್ಟು, "ಚೆನ್ನಾಗ್ ಓದ್ತಾಳೆ ಅಕ್ಕ, ಏನೂ ತೊಂದ್ರೆ ಇಲ್ಲ," ಎಂದು ರತ್ನಮ್ಮನಿಗೆ ಸಮಾಧಾನ ಹೇಳಿದಳು. ಪಾವನಿ ಬೂಟು ಹಾಕಿಕೊಂಡು ಬಂದು ಸೋಫಾದ ತುದಿಗೆ ಕೂತಳು. ಸ್ವಲ್ಪ ಸೊರಗಿದ್ದಳು.

"ಹೆಂಗಿದೀಯಮ್ಮ?" ಎಂದರು ರತ್ನಮ್ಮ.

ಪಾವನಿ ನೆಟ್ಟಗೆ ಕೂತು, ಮನೆಗೆಲ್ಲ ಕೇಳುವ ಹಾಗೆ ಹೇಳಿದಳು. "ತುಂಬಾ ಚೆನ್ನಾಗಿದೀನಿ ದೊಡ್ಡಮ್ಮ. ಈ ಮನೆ ತುಂಬಾ ಚೆನ್ನಾಗಿದೆ. ಸ್ಕೂಲೂ ತುಂಬಾ ಚೆನ್ನಾಗಿದೆ."

ಒಳಗಿಂದ ಸುರೇಶ ಹಿಗ್ಗಿನಿಂದ ನಕ್ಕ. ರತ್ನಮ್ಮ ತಂದಿದ್ದ ಕೋಡುಬಳೆಯ ಡಬ್ಬವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು, ಕೊಡಲು ಮರೆತರು. ನಾನೇ ತೆಗೆದು ಮೇಜಿನ ಮೇಲಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ನಮ್ ಮಾತೂ ಮರ್ತಳು ನೋಡು. ಚೆನ್ನಾಗಿದೆ ಅನ್ನೋದು ಕಲ್ತಳು. ಮಕ್ಳೇ ಹಂಗೆ, ಎಲ್ಲಿ ಅನ್ನ ಹಾಕ್ತಾರೋ ಅಲ್ಲಿಗೆ ಹೊಂದ್ಕೋತವೆ. ಹೊಂದ್ಕೊಳ್ಲಿ ಬಿಡು. ಅಳ್ತಾ ಇದ್ದಿದ್ರೆ ನಾನ್ ತಡ್ಕೊಳ್ತಿದ್ನಾ?"

ನನಗೂ ಹಾಗೇ ಅನ್ನಿಸಿತು. ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ ಎಂದು ನಾನು ಎಷ್ಟೋ ಲೇಖನಗಳಲ್ಲಿ ಓದಿದ್ದೆ. ಒಳಗೊಳಗೇ ಆ ಹುಡುಗಿಯ ಮೇಲೆ ನನಗೆ ಮುನಿಸೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲಿನ ಭಾನುವಾರಗಳಲ್ಲೂ ಅದೇ ಮಾತಂತೆ. ರತ್ನಮ್ಮ ಬಂದು ವರದಿ ಒಪ್ಪಿಸುತ್ತಿದ್ದರು, "ಚೆನ್ನಾಗಿದೆಯಂತೆ," ಎಂದು. ಅಷ್ಟು ಹೇಳಿ ಒಳಗೆ ಹೋಗುತ್ತಿದ್ದರು.

ಸಂಕ್ರಾಂತಿ ಕಳೆಯಿತು. ಕೋರ್ಟಿಗೆ ಹೋಗುವ ದಿನ ಎಂಥ ಮಂಜು ಅಂದರೆ ಎದುರಿಗೆ ಬರುವ ಬಸ್ಸಿನ ದೀಪ ಮಾತ್ರ ಕಾಣುತ್ತಿತ್ತು. ರತ್ನಮ್ಮ ಒಳ್ಳೆಯ ಸೀರೆ ಉಟ್ಟಿದ್ದರು. ಬಾಯಲ್ಲಿ ಏನೂ ಆಡದಿದ್ದರೂ ಅವರಿಗೆ ಆಸೆ ಸತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಪಾವನಿಯ ತಟ್ಟೆಯನ್ನು ಬೆಳಿಗ್ಗೆ ಬೂದಿ ಹಾಕಿ ಉಜ್ಜಿ ಕವುಚಿಟ್ಟಿದ್ದನ್ನು ನೋಡಿದ್ದೆ.

ಅದೇ ನ್ಯಾಯಾಧೀಶರು, ಅದೇ ಚೇಂಬರು. ಈ ಸಲ ಬಹಳ ಹೊತ್ತು ಹಿಡಿಯಲಿಲ್ಲ. ಮಗುವನ್ನು ಹೊರಗೆ ಕೂರಿಸಿ ಅವರು ಪೀಠಕ್ಕೆ ಬಂದಾಗ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು. ಕಷ್ಟದ ಕೆಲಸವೊಂದು ಸುಸೂತ್ರವಾಗಿ ಮುಗಿಯಿತಲ್ಲ ಎಂಬ ಸಮಾಧಾನ. ಮಗು ತಂದೆಯ ಮನೆಯಲ್ಲಿ ಬಹಳ ಸಂತೋಷವಾಗಿದೆ, ಕೇಳುವ ಮೊದಲೇ ತಾನಾಗಿಯೇ ಮತ್ತೆ ಮತ್ತೆ ಹೇಳಿತು, ಮೊದಲ ಸಲಕ್ಕೂ ಈ ಸಲಕ್ಕೂ ಅಜಗಜಾಂತರ ಎಂದರು. ಅರ್ಜಿ ಮಂಜೂರು. ಪಾವನಿ ಶಾಶ್ವತವಾಗಿ ತಂದೆಯ ಬಳಿ ಇರತಕ್ಕದ್ದು. ರಜೆಯಲ್ಲಿ ತಂದೆ ಒಪ್ಪಿದರೆ ದೊಡ್ಡಮ್ಮನ ಮನೆಗೆ ಕಳಿಸಬಹುದು. ನಂಜುಂಡಪ್ಪನವರು ಕಡತಕ್ಕೆ ದಾರ ಸುತ್ತಿದರು.

ಸುರೇಶನ ಕಣ್ಣಲ್ಲಿ ನೀರು ಬಂದಿತ್ತು. ರತ್ನಮ್ಮನ ಹತ್ತಿರ ಬಂದು, "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ, ನಿಮ್ ಋಣ ನಾನ್ ಮರಿಯಲ್ಲ," ಎಂದ. ಅವರು ಆಗಲಿ ಎಂದು ತಲೆಯಾಡಿಸಿದರು. ಆತ ಕಾರು ತರಲು ಗೇಟಿನ ಕಡೆ ಹೋದ.

ಅಂಗಳದ ಹೊಂಗೆ ಮರದ ಕೆಳಗೆ ನಾವು ಮೂವರೇ ಉಳಿದೆವು. ಪಾವನಿ ಆಚೀಚೆ ನೋಡಿ, ಅಪ್ಪ ದೂರ ಹೋದದ್ದನ್ನು ಖಾತ್ರಿ ಮಾಡಿಕೊಂಡು, ದೊಡ್ಡಮ್ಮನ ಸೆರಗು ಹಿಡಿದು ಎಳೆದಳು. ರತ್ನಮ್ಮ ಬಗ್ಗಿದರು. ಅವಳು ಪಿಸುಗುಟ್ಟಿದ್ದು ನನಗೂ ಕೇಳಿಸಿತು.

"ದೊಡ್ಡಮ್ಮ, ಜಡ್ಜ್ ಸಾರ್ ಎದ್ರೂ ಅಂದ್ಬಿಟ್ಟೆ. ಅಪ್ಪನ ಮನೆ ತುಂಬಾ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ ಅಂತ. ಅಲ್ಲಿ ಬಂದೋರ್ಗೆಲ್ಲ ದಿನಾ ಅಂತಿದ್ದೆ, ಆದ್ರೂ ಏನೂ ಆಗ್ಲಿಲ್ಲ. ಇವ್ರು ದೊಡ್ಡೋರಲ್ವಾ, ಇವ್ರ ಹತ್ರ ಅಂದ್ರೆ ಕೇಳಿಸ್ಕೊಳ್ಳತ್ತೆ. ಇನ್ನು ಅದು ಹೊಂಟೋಗತ್ತೆ. ಆಮೇಲೆ ನನ್ನ ಕರ್ಕೊಂಡ್ ಹೋಗ್ತೀಯಲ್ವಾ?"

ಸೋಫಾದ ತುದಿಯಲ್ಲಿ ನೆಟ್ಟಗೆ ಕೂತು ಮನೆಗೆಲ್ಲ ಕೇಳುವ ಹಾಗೆ ಹೇಳಿದ್ದಳಲ್ಲ ಆ ಹುಡುಗಿ, ತಿಂಗಳುಗಟ್ಟಲೆ ಒಬ್ಬಳೇ, ಯಾರಿಗೂ ಹೇಳದೆ, ತನಗೆ ಗೊತ್ತಿದ್ದ ಒಂದೇ ಉಪಾಯದಿಂದ ಮನೆಗೆ ಬರಲು ದಾರಿ ಮಾಡಿಕೊಳ್ಳುತ್ತಿದ್ದಳು. ನಾವು ಅವಳು ಮರೆತಳು ಎಂದುಕೊಂಡು ಕೂತಿದ್ದೆವು.

ರತ್ನಮ್ಮ ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಗಾಬರಿಯಾದವರ ಹಾಗೆ ಆಚೀಚೆ ನೋಡಿದರು. ಆಮೇಲೆ ಪಕ್ಕಕ್ಕೆ ತಿರುಗಿ ಥೂ ಥೂ ಥೂ ಎಂದು ಉಗಿದರು. ಮಗುವಿನ ಕೆನ್ನೆಯನ್ನು ಎರಡೂ ಕೈಯಿಂದ ನೀವಿ, ತಮ್ಮ ತಲೆಗೆ ಒತ್ತಿಕೊಂಡು ಲಟಲಟ ನೆಟಿಕೆ ಮುರಿದರು. ಗೇಟಿನ ಹತ್ತಿರ ಕಾರಿನ ಬಾಗಿಲು ತೆಗೆಯುತ್ತಿದ್ದ ಸುರೇಶನ ಕಡೆಗೂ ಕೈ ನೀವಿ ಮತ್ತೊಮ್ಮೆ ಮುರಿದರು. ಅಲ್ಲಿದ್ದ ಆತನಿಗೂ, ಗೌರಿಬಿದನೂರಿನ ಆ ಮನೆಗೂ, ಅದರೊಳಗಿನ ಕೂಸಿಗೂ ಸೇರಿಸಿ.

"ಬಿಡ್ತು ಅನ್ನು. ಹಂಗನ್ಬಾರ್ದು ಕಣಮ್ಮ," ಎಂದರು. "ಯಾರ್ ಕೇಳಿದ್ರೂ ಇನ್ಮೇಲೆ ಹಂಗನ್ಬೇಡ. ಏನೋ ಇದೆ ಅನ್ನು. ಅದು ನೀನಿರೋ ಮನೆ."

ಪಾವನಿ ಅವರ ಮುಖವನ್ನೇ ನೋಡುತ್ತಾ ನಿಂತಳು.

"ಹಂಗಾದ್ರೆ ನಾನು ಬರಲ್ವಾ ದೊಡ್ಡಮ್ಮ?" ಎಂದಳು.